ಕ್ವಾರ್ಟರ್‌ಬ್ಯಾಕ್ ಸಾರ್

ಅವರ ಕೈಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ. ಉಳಿದ ಹೊತ್ತೆಲ್ಲ ಅವು ಆಡುತ್ತಲೇ ಇರುತ್ತಿದ್ದವು. ಬಸ್ಸಿಗೆ ಕಾಯುವಾಗ, ಕ್ಯಾಂಟೀನಿನ ಸಾಲಿನಲ್ಲಿ ನಿಂತಾಗ, ಯೂನಿಯನ್ ಮೀಟಿಂಗಿನಲ್ಲಿ ಲೀಡರು ಗಂಟಲು ಹರಿದುಕೊಳ್ಳುತ್ತಿರುವಾಗ ಕೂಡ, ಹಣೆಯ ಮುಂದೆ ಹತ್ತೂ ಬೆರಳು ಬಿಡಿಸಿ, ಇಲ್ಲದ ಚೆಂಡೊಂದನ್ನು ಮೇಲಕ್ಕೆ ತಳ್ಳುತ್ತಿರುತ್ತಿದ್ದರು. ಒಮ್ಮೆ ಸಿಟಿ ಬಸ್ಸಿನಲ್ಲಿ ಹಾಗೆ ಮಾಡಲು ಹೋಗಿ ಮುಂದೆ ನಿಂತಿದ್ದ ಹೆಂಗಸಿನ ಮುಡಿಯ ಕನಕಾಂಬರ ಕೆಡವಿ, ಕಂಡಕ್ಟರ್ ಹತ್ತಿರ ಬೈಸಿಕೊಂಡಿದ್ದರು. "ವಾಲಿಬಾಲ್ ಕಣಯ್ಯಾ, ವಾಲಿಬಾಲ್" ಅಂತ ಇವರು ಹೇಳುತ್ತಿದ್ದರೆ, "ಬಾಲ್ ಎಲ್ರೀ ಇದೆ?" ಅಂದನಂತೆ ಅವನು.

ಹೆಸರು ಬೇಡ. ಅವರ ಮನೆಯವರು ಇಲ್ಲೇ ಬಸವೇಶ್ವರನಗರದಲ್ಲಿದ್ದಾರೆ, ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಿಲ್ಲ. ಹಾಗೆ ನೋಡಿದರೆ ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿದ್ದ ನಮ್ಮ ಫ್ಯಾಕ್ಟರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಕ್ವಾರ್ಟರ್‌ಬ್ಯಾಕ್ ಸಾರ್, ಅಷ್ಟೇ. ಬಾಯಿ ಸೋಮಾರಿಗಳಿಗೆ ಬರೀ ಕ್ವಾರ್ಟರ್ ಸಾರ್. ಹೊಸದಾಗಿ ಸೇರಿದವರು ಇದನ್ನು ಕೇಳಿ, ಇವರು ಸಂಜೆಯಾದರೆ ಎಣ್ಣೆ ಅಂಗಡಿಗೆ ಹೋಗುವ ಗಿರಾಕಿ ಅಂದುಕೊಳ್ಳುತ್ತಿದ್ದರು. ಪಾಪ, ಕಾಫಿಯನ್ನೂ ಬೈಟು ಮಾಡಿಸಿ ಕುಡಿಯುತ್ತಿದ್ದ ಮನುಷ್ಯ ಅವರು.

ಅವರು ಟೂಲ್ ರೂಮಿನ ಸೂಪರ್‌ವೈಸರ್. ನಮ್ಮ ಫ್ಯಾಕ್ಟರಿಗೂ ಅಮೆರಿಕದ ಒಂದು ಕಂಪನಿಗೂ ಏನೋ ಒಪ್ಪಂದವಾಗಿ, ಹೊಸ ಮಷೀನು ಕಲಿತು ಬರಲಿ ಅಂತ ಇವರನ್ನು ಒಂದು ಚಳಿಗಾಲ ಅಲ್ಲಿಗೆ ಕಳಿಸಿದ್ದರು. ಬೇರೆಯವರಾಗಿದ್ದರೆ ಅಲ್ಲಿನ ದೊಡ್ಡ ಕಟ್ಟಡ, ದೊಡ್ಡ ಕಾರು, ದೊಡ್ಡ ರಸ್ತೆ ಅಂತ ಜೀವಮಾನವಿಡೀ ನಮ್ಮ ತಲೆ ತಿನ್ನುತ್ತಿದ್ದರು. ಇವರು ತಲೆ ತಿಂದದ್ದು ಬೇರೆ ವಿಷಯಕ್ಕೆ. ಇವರು ಅಲ್ಲಿಂದ ಹೊತ್ತು ತಂದದ್ದು ಒಂದು ಉಣ್ಣೆ ಟೋಪಿ, ಮತ್ತು ಆ ಊರಿನ ಫುಟ್‌ಬಾಲ್ ತಂಡದ ಆರು ಮಂದಿಯ ಕಥೆ.

ಅವರು ಬಾಡಿಗೆಗಿದ್ದ ಮನೆಯ ಒಡತಿ ಒಬ್ಬಳು ಮುದುಕಿ. ಗಂಡ ತೀರಿಹೋಗಿದ್ದ. ಭಾನುವಾರ ಮಧ್ಯಾಹ್ನವಾಯಿತೆಂದರೆ ಟೀವಿ ಮುಂದೆ ಕೂತುಬಿಡುತ್ತಿದ್ದಳು. ಹೊರಗೆ ಮೊಣಕಾಲುದ್ದ ಹಿಮ, ಹೋಗುವುದೆಲ್ಲಿಗೆ? ಇವರೂ ಕೂತರು.

"ಮೊದಲು ನಂಗೆ ತಲೆಬುಡ ತಿಳೀಲಿಲ್ಲ ಕಣೋ," ಅನ್ನುತ್ತಿದ್ದರು. "ಹೆಸರಿಗೆ ಫುಟ್‌ಬಾಲು, ಕಾಲಿಗೆ ಚೆಂಡು ತಾಗೋದೇ ಅಪರೂಪ. ಚೆಂಡಾದ್ರೂ ದುಂಡಗಿದೆಯಾ? ಸುಲಿದ ತೆಂಗಿನಕಾಯಿ! ಅಷ್ಟಷ್ಟು ದಪ್ಪ ಜನ ಹೆಲ್ಮೆಟ್ ಹಾಕ್ಕೊಂಡು ಗೂಳಿ ಥರ ಗುಮ್ಕೋತಾರೆ. ಒಂದು ಗಳಿಗೆ ಗುಮ್ಮೋದು, ಆಮೇಲೆ ರೌಂಡಾಗಿ ನಿಂತು ಮೀಟಿಂಗು. ಇದೇನು ಆಟಾನೋ ಯೂನಿಯನ್ ಆಫೀಸೋ ಅಂತ ಎದ್ದು ಹೋಗೋನಿದ್ದೆ. ಅಷ್ಟರಲ್ಲಿ ಅವನು ಕಣ್ಣಿಗೆ ಬಿದ್ದ."

ಅವನು ಅಂದರೆ ಕ್ವಾರ್ಟರ್‌ಬ್ಯಾಕ್. ದಪ್ಪ ಜನರ ಸಾಲಿನ ಹಿಂದೆ ನಿಂತು ಚೆಂಡನ್ನು ಮೊದಲು ಕೈಗೆ ತೆಗೆದುಕೊಳ್ಳುವವನು. ಎದುರಾಳಿಗಳು ಮೈಮೇಲೆ ಬಂದು ಬೀಳುವುದರೊಳಗೆ ಅದನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಅಂತ ತೀರ್ಮಾನ ಮಾಡುವವನು. ಗೆರೆ ದಾಟಿ ಚಪ್ಪಾಳೆ ಗಿಟ್ಟಿಸುವವನು ಸಾಮಾನ್ಯವಾಗಿ ಬೇರೆಯವನು.

"ಅಯ್ಯೋ ಶಿವನೇ, ಇವನು ನಾನೇ ಅಲ್ವಾ ಅನ್ನಿಸ್ತು ಕಣೋ!"

ಯಾಕೆಂದರೆ ಸಾರ್ ನಮ್ಮ ಫ್ಯಾಕ್ಟರಿಯ ವಾಲಿಬಾಲ್ ತಂಡದ ಸೆಟ್ಟರ್. ವಾಲಿಬಾಲಿನಲ್ಲಿ ಎದುರಿನಿಂದ ಬಂದ ಚೆಂಡನ್ನು ಒಬ್ಬ ಎತ್ತುತ್ತಾನೆ, ಎರಡನೆಯವನು ಅದನ್ನು ನೆಟ್ಟಿನ ಪಕ್ಕ ಹದವಾಗಿ ಮೇಲಕ್ಕೆ ಬಿಡುತ್ತಾನೆ, ಮೂರನೆಯವನು ಹಾರಿ ಹೊಡೆಯುತ್ತಾನೆ. ಜನ ಶಿಳ್ಳೆ ಹಾಕುವುದು ಹೊಡೆದವನಿಗೆ. ಆ ಎರಡನೇ ಚೆಂಡು ಮಾತ್ರ ಯಾವಾಗಲೂ ಸೆಟ್ಟರಿನದು. "ಕೈ ಕೆಸರು ನಮ್ದು, ಬಾಯಿ ಮೊಸರು ಸ್ಮ್ಯಾಷರ್‌ದು" ಅನ್ನುವುದು ಸಾರ್ ಗಾದೆ. ಸಾವಿರಾರು ಮೈಲಿ ದೂರದ ಊರಿನಲ್ಲಿ ತನ್ನ ಕೆಲಸವನ್ನೇ ಮಾಡುವ ಇನ್ನೊಬ್ಬನನ್ನು ಕಂಡು ಇವರಿಗೆ ನೆಂಟ ಸಿಕ್ಕಷ್ಟು ಖುಷಿಯಾಗಿತ್ತು.

ಇವರ ಆಸಕ್ತಿ ನೋಡಿ ಮುದುಕಿ ಭಾನುವಾರಕ್ಕೊಬ್ಬರಂತೆ ಆ ಜಾಗದಲ್ಲಿ ನಿಂತವರ ಚರಿತ್ರೆ ಹೇಳಿದಳಂತೆ. ಅವಳು ಇಸವಿ ಹೇಳುತ್ತಿರಲಿಲ್ಲ, ತನ್ನ ಮನೆಯ ಸಂಗತಿಗಳಿಂದಲೇ ಲೆಕ್ಕ ಹೇಳುತ್ತಿದ್ದಳು. ಅವರ ಹೆಸರುಗಳು ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ ಅಂತ ಸಾರ್ ತಾವೇ ಒಂದೊಂದು ಹೆಸರಿಟ್ಟಿದ್ದರು. ಮೊದಲನೆಯವನು ತೊಗಲು ಟೋಪಿ: ಹೆಲ್ಮೆಟ್ ಬದಲು ತೊಗಲಿನ ಟೋಪಿ ಹಾಕಿಕೊಳ್ಳುತ್ತಿದ್ದ ಕಾಲದವನು, ವಾರವೆಲ್ಲ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಭಾನುವಾರ ಆಡುತ್ತಿದ್ದವನು. ಮುದುಕಿ ಅವನನ್ನು ನೋಡಿದ್ದು ಅಪ್ಪನ ಹೆಗಲ ಮೇಲೆ ಕೂತು. ಆಮೇಲೆ ದಂಡಿನವನು. ಮುದುಕಿಯ ಮದುವೆಯ ವರ್ಷ ಅವನು ಯುದ್ಧಕ್ಕೆ ಹೋದ, ಬಂದಾಗ ಎಸೆಯುವ ಕೈಯಲ್ಲಿ ಮೊದಲಿನ ಕಸುವಿರಲಿಲ್ಲ. ಆಮೇಲೆ ಬಂದವನು ಚೆಲುವ. ಅವನ ಫೋಟೊ ಸೋಪಿನ ಜಾಹೀರಾತಿನಲ್ಲೆಲ್ಲ ಬರುತ್ತಿತ್ತಂತೆ, ಚೆಂಡು ಮಾತ್ರ ಎದುರಾಳಿಗಳ ಕೈಗೇ ಹೋಗುತ್ತಿತ್ತಂತೆ.

"ಮುದುಕಿಗೆ ಅವನ ಮೇಲೆ ಈಗ್ಲೂ ಸ್ವಲ್ಪ ಮನಸ್ಸಿದೆ ಕಣ್ರೋ" ಅಂತ ಸಾರ್ ಕಣ್ಣು ಹೊಡೆಯುತ್ತಿದ್ದರು.

ನಾಲ್ಕನೆಯವನು ದೊಡ್ಡಯ್ಯ. ಅವನ ಕಾಲದಲ್ಲಿ ಆ ಊರು ಗೆದ್ದದ್ದೇ ಗೆದ್ದದ್ದು. ಆದರೆ ಮಂಡಿ ಸವೆದರೂ, ಹಲ್ಲು ಉದುರಿದರೂ ಅವನು ಜಾಗ ಬಿಡಲಿಲ್ಲ. ಅವನ ಹಿಂದೆ ಐದನೆಯವನು, ಸಾರ್ ಇಟ್ಟ ಹೆಸರು ಕಾದವನು, ಕೈಯಲ್ಲಿ ಆಟದ ಲೆಕ್ಕ ಬರೆಯುವ ರಟ್ಟು ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಕೂತ, ಕೂತ, ಕೂತೇ ಇದ್ದ. ಅವನ ಸರದಿ ಬಂದಾಗ ತಲೆ ನೆರೆತಿತ್ತು. ಒಂದೇ ವರ್ಷ ಆಡಿ ಕಾಲು ಮುರಿದುಕೊಂಡ. "ಮುದುಕಿಯ ಗಂಡ ಹಾಸಿಗೆ ಹಿಡಿದು ಹೋಗಿದ್ದು ಆ ವರ್ಷ. ಕಾದವನ ಹೆಸರು ಬಂದ್ರೆ ಮುದುಕಿ ಟೀವಿ ಸೌಂಡು ಜೋರು ಮಾಡ್ತಾ ಇದ್ಲು" ಅನ್ನುತ್ತಿದ್ದರು.

ಆರನೆಯವನು ಇವರೇ ಟೀವಿಯಲ್ಲಿ ಕಂಡವನು. ಅವನಿಗಿಟ್ಟ ಹೆಸರು ಬಾಯಿಬಡುಕ. ಇನ್ನೂ ಮೀಸೆ ಸರಿಯಾಗಿ ಬಂದಿರದ ಹುಡುಗ, ಅಪ್ಪನ ವಯಸ್ಸಿನವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈಯುತ್ತಿದ್ದ. "ನಂಗೆ ಮೈಯೆಲ್ಲ ಉರಿದೋಯ್ತು. ಏನು ಸಂಸ್ಕಾರ ಇವನಿಗೆ, ಅಂತ ಮುದುಕಿ ಹತ್ರ ಅಂದೆ. ಅವಳು ನಕ್ಕಳು. ಮೈಮೇಲೆ ಜನ ಬಂದು ಬೀಳ್ತಾ ಇರೋವಾಗ ದಯವಿಟ್ಟು ಅನ್ನೋಕೆ ಪುರುಸೊತ್ತು ಎಲ್ಲಿರುತ್ತಪ್ಪಾ, ಅಂದ್ಲು."

ಇಷ್ಟೇ ಕಥೆ. ಇದನ್ನೇ ಅವರು ದಿನಾ ಹೇಳುತ್ತಿದ್ದರು. ಕ್ಯಾಂಟೀನಿನಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ, ಶಿಫ್ಟು ಮುಗಿದು ಸೈರನ್ ಕೂಗುವ ಮುಂಚಿನ ಐದು ನಿಮಿಷದಲ್ಲಿ. ಹೇಳುವಾಗ ಒಂದು ಕಡೆ ನಿಲ್ಲುತ್ತಿರಲಿಲ್ಲ. ತೊಗಲು ಟೋಪಿಯನ್ನು ಡ್ರಿಲ್ಲಿಂಗ್ ಮಷೀನಿನ ಹತ್ತಿರ ಶುರು ಮಾಡಿದರೆ ಬಾಯಿಬಡುಕನಿಗೆ ಬರುವಷ್ಟರಲ್ಲಿ ಗೇಟಿನಲ್ಲಿರುತ್ತಿದ್ದರು, ಕೇಳುವವನು ಹಿಂದೆ ಹಿಂದೆ ಓಡಬೇಕು.

ಓಡುತ್ತಿದ್ದವನು ಹೆಚ್ಚಾಗಿ ನಾನೇ. ನಾನು ಮಾರೇನಹಳ್ಳಿಯವನು. ಎಂಬತ್ತರ ದಶಕದ ಶುರುವಿನಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಆ ಫ್ಯಾಕ್ಟರಿಗೆ ಸೇರಿದೆ. ಟೆಂಪರರಿ. ಸೆಟ್ಟರ್ ಅಂತಲೇ ತೆಗೆದುಕೊಂಡಿದ್ದರು, ಆದರೆ ಸೆಟ್ಟರಿನ ಜಾಗದಲ್ಲಿ ಸಾರ್ ಇದ್ದರು. ತಂಡಕ್ಕೆ ಕ್ಯಾಪ್ಟನ್ ಅವರೇ, ಕೋಚ್ ಅವರೇ, ಯಾರು ಆಡಬೇಕು ಅನ್ನುವವರೂ ಅವರೇ. ನಲವತ್ತು ದಾಟಿತ್ತು, ಮಂಡಿಗೆ ಪಟ್ಟಿ ಸುತ್ತಿಕೊಂಡು ಬರುತ್ತಿದ್ದರು, ಆದರೂ ಒಂದೇ ಒಂದು ಮ್ಯಾಚು ಬಿಟ್ಟುಕೊಟ್ಟವರಲ್ಲ. ನಾನು ನೀರಿನ ಕೊಡ, ಅಂಟು ಪಟ್ಟಿ, ಇನ್ನೊಂದು ಚೆಂಡು ಇವುಗಳ ಜೊತೆಗೆ ಬೆಂಚಿನ ಮೇಲೆ. ಊಟಕ್ಕಿಲ್ಲದ ಉಪ್ಪಿನಕಾಯಿ.

ಬೆಂಚು ಕಾದವರಿಗೇ ಗೊತ್ತು ಆ ಸಂಕಟ. ಕಾಲಲ್ಲಿ ಇರುವೆ ಹರಿದ ಹಾಗಾಗುತ್ತದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು. ಸಾರ್ ಚೆನ್ನಾಗಿ ಆಡಿದರೆ ಹೊಟ್ಟೆ ಉರಿ, ಕೆಟ್ಟದಾಗಿ ಆಡಿದರೆ ಅದಕ್ಕಿಂತ ಉರಿ, 'ನಾನಾಗಿದ್ದರೆ' ಅಂತ. ಆಮೇಲೆ ಅವರೇ ಬಂದು ಬೆವರು ಒರೆಸಿಕೊಳ್ಳುತ್ತ, ಬೆಂಚಿನಲ್ಲಿ ಕೂತು ಕೂತು ತಲೆ ನೆರೆತ ಐದನೆಯವನ ಕಥೆಯನ್ನು ನನಗೇ ಹೇಳುತ್ತಿದ್ದರು! ಒಮ್ಮೊಮ್ಮೆ ಇವರಿಗೆ ತಲೆ ಸರಿಯಿದೆಯಾ, ಬೇಕೆಂದೇ ಹೀಗೆ ಮಾಡುತ್ತಾರಾ ಅಂತ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಹೀಗೇ ಎರಡು ವರ್ಷ ಬೆಂಚು ಕಾದ ಮೇಲೆ ನನಗೆ ಎರಡೂ ಕಡೆಯಿಂದ ಬಿಗಿಯಾಯಿತು. ಮಹಾಲಕ್ಷ್ಮಿ ಲೇಔಟಿನಲ್ಲಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆವು. ನನಗೆ ಒಪ್ಪಿಗೆ, ಅವಳಿಗೂ ಒಪ್ಪಿಗೆ. ಅವಳ ತಂದೆ ಮಾತ್ರ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಹುಡುಗ ಪರ್ಮನೆಂಟಾ, ಟೆಂಪರರಿಯಾ?" ನಮ್ಮಮ್ಮ "ಇನ್ನೇನು ಆಗುತ್ತೆ" ಅಂದರು. "ಆದ್ಮೇಲೆ ಬನ್ನಿ" ಅಂದರು ಅವರು. ಅದರ ಮರುವಾರವೇ ನೇಮಕಾತಿ ನೋಡುವ ಪರ್ಸನೆಲ್ ಮ್ಯಾನೇಜರು ಕರೆಸಿದರು.

"ನೋಡಪ್ಪಾ, ಆಡ್ಲಿ ಅಂತ ನಿನ್ನ ತಗೊಂಡಿದ್ದು. ಬೆಂಚು ಕಾಯೋಕೆ ವಾಚ್‌ಮನ್ ಇದಾನೆ. ಈ ಸಲ ರಾಜ್ಯೋತ್ಸವದ ಟೂರ್ನಮೆಂಟಿಗೆ ನಾನೇ ಬರ್ತೀನಿ. ನೀನು ಆಡಿದ್ದು ನನ್ನ ಕಣ್ಣಿಗೆ ಕಾಣ್ಬೇಕು. ಇಲ್ಲಾಂದ್ರೆ ಹೊಸ ವರ್ಷಕ್ಕೆ ಬೇರೆ ಕಡೆ ನೋಡ್ಕೋ."

ಅಲ್ಲಿಂದ ಸೀದಾ ಟೂಲ್ ರೂಮಿಗೆ ಹೋದೆ. ಸಮವಯಸ್ಕರ ಮುಂದೆ ನನ್ನ ಬಾಯಿಗೆ ಬೀಗವೇ ಇರಲಿಲ್ಲ. ಹಿರಿಯರ ಮುಂದೆ ನಿಂತರೆ ಮಾತ್ರ ನಾಲಿಗೆ ಒಳಗೆ ಹೋಗುತ್ತಿತ್ತು. ಅಮ್ಮ ಬೆಳೆಸಿದ್ದೇ ಹಾಗೆ. ದೊಡ್ಡವರಿಗೆ ಎದುರು ಮಾತಾಡಿದರೆ ಕೈಯಲ್ಲಿದ್ದ ಸೌಟಿನಿಂದಲೇ ಬೀಳುತ್ತಿತ್ತು. ಆ ದಿನ ಅದನ್ನೆಲ್ಲ ನುಂಗಿಕೊಂಡು ಕೇಳಿಯೇಬಿಟ್ಟೆ.

"ಸಾರ್, ನೀವು ಯಾವಾಗ ಬಿಡ್ತೀರಾ?"

ಅವರು ಲೇತ್ ಆಫ್ ಮಾಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿದರು, ಹುಡುಗಿಯ ತಂದೆಯ ಪ್ರಶ್ನೆಯನ್ನೂ. ಬೆರಳುಗಳು ಎದೆಯ ಹತ್ತಿರ ಆಡುತ್ತಲೇ ಇದ್ದವು.

"ನಂಗೆ ಬಿಡೋಕೆ ಇಷ್ಟ ಇಲ್ಲ ಕಣೋ," ಅಂದರು. "ಸುಳ್ಳು ಯಾಕೆ ಹೇಳ್ಲಿ? ಬಿಟ್ಟ ಮೇಲೆ ಸಂಜೆ ಐದರಿಂದ ಏಳರ ತನಕ ಏನ್ ಮಾಡೋದು ಅಂತ ನಂಗೊತ್ತಿಲ್ಲ. ಆ ಆರು ಜನದಲ್ಲಿ ಒಬ್ಬನೂ ತಾನಾಗಿ ಕೊಟ್ಟೋನಲ್ಲ. ಕೊಡೋ ಜಾಗ ಅಲ್ಲ ಅದು. ತಗೋಬೇಕು."

"ಕ್ಯಾಪ್ಟನ್ ನೀವೇ. ನಾನು ಹೇಗೆ ಸಾರ್ ತಗೊಳ್ಲಿ?"

ಅವರು ತುಂಬ ಹೊತ್ತು ಓಡಾಡಿದರು. ಕೊನೆಗೆ, "ಇಬ್ರೂ ಆಡೋಣ. ಇಬ್ಬರು ಸೆಟ್ಟರು" ಅಂದರು. ಕೇಳಲು ಚೆನ್ನಾಗಿತ್ತು. ಇಬ್ಬರು ಸೆಟ್ಟರು ಇಟ್ಟುಕೊಂಡು ಆಡುವ ತಂಡಗಳು ಬೇಕಾದಷ್ಟಿದ್ದವು. ಸೈಕಲ್ ಸ್ಟ್ಯಾಂಡಿನ ತನಕ ಖುಷಿಯಾಗಿ ಬಂದವನಿಗೆ, ಒಂದೇ ಅಡುಗೆಮನೆಗೆ ಇಬ್ಬರು ಯಜಮಾನಿಯರಾದರೆ ಏನಾಗುತ್ತದೆ ಅನ್ನುವುದು ಹೊಳೆದು, ಆ ರಾತ್ರಿ ಅನ್ನ ಇಳಿಯಲಿಲ್ಲ.

ಟೂರ್ನಮೆಂಟು ವಿಜಯನಗರದ ಮೈದಾನದಲ್ಲಿ. ಸುತ್ತ ಹಳದಿ ಕೆಂಪು ಬಾವುಟ, ಮೈಕಿನಲ್ಲಿ ಯಾರೋ ಎಡೆಬಿಡದೆ "ಹಲೋ ಹಲೋ" ಅನ್ನುತ್ತಿದ್ದರು. ಕೆಮ್ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆದಿದ್ದರು. ಪರ್ಸನೆಲ್ ಮ್ಯಾನೇಜರು ಮುಂದಿನ ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದರು. ಇನ್ನೊಂದು ತುದಿಯಲ್ಲಿ ಸಾರ್ ಹೆಂಡತಿ. ಅವರು ಒಂದು ಮ್ಯಾಚನ್ನೂ ತಪ್ಪಿಸುತ್ತಿರಲಿಲ್ಲ. ಡಬ್ಬಿಯಲ್ಲಿ ಪುಳಿಯೋಗರೆ ತಂದು, ಗೆದ್ದರೂ ಸೋತರೂ ಆಡಿದ ಆರೂ ಜನಕ್ಕೆ, ಬೆಂಚಿನವರಿಗೂ, ಕೈತುತ್ತು ಹಾಕುತ್ತಿದ್ದರು.

ಎದುರಿಗೆ ಇನ್ನೊಂದು ಫ್ಯಾಕ್ಟರಿಯ ತಂಡ. ಮೊದಲ ಸೆಟ್ಟಿನಲ್ಲಿ ನಮ್ಮ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಯಾಕೆಂದು ಕೇಳಿ. ಎದುರಿನ ಸರ್ವಿಸು ಜೋರಾಗಿತ್ತು, ನಮ್ಮವರು ಎತ್ತಿದ ಚೆಂಡು ಸರಿಯಾದ ಜಾಗಕ್ಕೆ ಬರುತ್ತಿರಲಿಲ್ಲ, ಕೋರ್ಟಿನ ಮಧ್ಯದಲ್ಲೆಲ್ಲೋ ಏಳುತ್ತಿತ್ತು. ಆ ಎರಡನೇ ಚೆಂಡಿಗೆ ಅತ್ತಲಿಂದ ಸಾರ್ ಓಡಿಬರುತ್ತಿದ್ದರು, ಇತ್ತಲಿಂದ ನಾನು. ಆಗ ಒಬ್ಬರು 'ನಂದು' ಅಂತ ಕೂಗಬೇಕು, ಇನ್ನೊಬ್ಬರು ಬಿಡಬೇಕು. ನಾನು ಹೇಗೆ ಕೂಗಲಿ? ನನಗೆ ಬೆರಳು ಹಿಡಿಯುವುದನ್ನು ಕಲಿಸಿದವರು, ವಯಸ್ಸಿನಲ್ಲಿ ನಮ್ಮ ಚಿಕ್ಕಪ್ಪನ ಸಮ. ಅವರಿಗೆ 'ಬಿಡು' ಅನ್ನುವುದೇ? "ಸಾರ್... ನಾನು ತಗೊಳ್ಳಲಾ..." ಅನ್ನುವಷ್ಟರಲ್ಲಿ ಚೆಂಡು ನಮ್ಮಿಬ್ಬರ ನಡುವೆ ನೆಲಕ್ಕೆ ಬಿದ್ದು ಧೂಳೆಬ್ಬಿಸುತ್ತಿತ್ತು. ನಾನು "ಸಾರಿ ಸಾರ್" ಅನ್ನುತ್ತಿದ್ದೆ. ಮತ್ತೆ ಬೀಳುತ್ತಿತ್ತು. ನೋಡುವವರು ನಗತೊಡಗಿದರು. "ಗುರೂ, ಕಾಫಿ ತಗೊಳ್ಳಿ ಸಾರ್, ಇಲ್ಲ ನೀವು ತಗೊಳ್ಳಿ ಸಾರ್ ಅನ್ನೋ ಕೇಸು ಇದು!" ಅಂತ ಒಬ್ಬ ಕೂಗಿದ. ಮ್ಯಾನೇಜರು ಕಾಲು ಕೆಳಗಿಳಿಸಿ ವಾಚು ನೋಡಿಕೊಂಡರು. ನನ್ನ ಕೆಲಸ, ಮದುವೆ ಎರಡೂ ಆ ಕೆಮ್ಮಣ್ಣಿನ ಮೇಲೆ ಬಿದ್ದು ಉರುಳುತ್ತಿದ್ದವು.

ಸೆಟ್ಟು ಸೋತು ಕೋರ್ಟು ಬದಲಾಯಿಸುವಾಗ ಸಾರ್ ನನ್ನ ಬನಿಯನ್ ಹಿಡಿದು ಪಕ್ಕಕ್ಕೆ ಎಳೆದರು. ಮುಖ ಕೆಂಪಗಾಗಿತ್ತು.

"ಯಾಕೋ ಬಾಯಿ ಬಿದ್ದೋಗಿದ್ಯಾ? ಕೂಗೋಕೇನು ರೋಗ?"

"ನಿಮಗೆ ಹೇಗೆ ಸಾರ್ ಕೂಗೋದು..."

"ಇಲ್ಲಿ ಸಾರ್ ಯಾರೂ ಇಲ್ಲ. ಚೆಂಡಿದೆ, ಅಷ್ಟೆ. ನಾನಾಗಿ ಬಿಡಲ್ಲ ಅಂತ ಅವತ್ತೇ ಹೇಳಿದೀನಿ. ನನ್ನ ಕಾಲು ಅದರ ಪಾಡಿಗೆ ಅದು ಓಡುತ್ತೆ, ನನ್ನ ಮಾತು ಕೇಳಲ್ಲ. ನಿಲ್ಲಿಸೋನು ನೀನು."

ಎರಡನೇ ಸೆಟ್ಟು ಶುರುವಾಯಿತು. ಮೊದಲ ಚೆಂಡೇ ಮತ್ತೆ ನಮ್ಮಿಬ್ಬರ ನಡುವೆ ಬಿತ್ತು. ಇನ್ನೂ ಒಂದು ಬಿತ್ತು. ನನ್ನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಇಷ್ಟು ವರ್ಷ ಬೆಂಚಿನಲ್ಲಿ ಕೂತ ಉರಿ, ಉಪ್ಪಿಟ್ಟಿನ ತಟ್ಟೆ, ವಾಚ್‌ಮನ್ ಮಾತು, ಎಲ್ಲ ಒಟ್ಟಿಗೇ ಗಂಟಲಿಗೆ ಬಂದು ಕೂತಿತ್ತು. ಮೂರನೆಯದು ಎತ್ತರಕ್ಕೆ ಎದ್ದಿತು, ನೆಟ್ಟಿನಿಂದ ದೂರ. ಸಾರ್ ಪಟ್ಟಿ ಸುತ್ತಿದ ಮಂಡಿ ಎಳೆದುಕೊಂಡು, ಹತ್ತೂ ಬೆರಳು ಬಿಡಿಸಿ, ಆಕಾಶ ನೋಡುತ್ತ ಓಡಿಬರುತ್ತಿದ್ದರು.

"ಬಿಡೋ ಲೇ! ನಂದು!"

ನನ್ನ ಬಾಯಿಂದಲೇ ಬಂದದ್ದು. ಮೈದಾನಕ್ಕೆ ಮೈದಾನವೇ ಕೇಳುವ ಹಾಗೆ. ಮೈಕಿನವನ ಹಲೋ ಕೂಡ ನಿಂತಿತು. ಸಾರ್ ಗಕ್ಕನೆ ನಿಂತರು. ಚೆಂಡು ನನ್ನ ಬೆರಳಿಗೆ ಬಂತು, ನೆಟ್ಟಿನ ತುದಿಗೆ ಹೋಯಿತು, ನಮ್ಮ ಸ್ಮ್ಯಾಷರ್ ಹಾರಿ ಹೊಡೆದ ಹೊಡೆತಕ್ಕೆ ಎದುರಿನವರು ಕದಲಲೂ ಇಲ್ಲ. ಜನ ಶಿಳ್ಳೆ ಹಾಕಿದರು, ಅವನಿಗೆ.

ನಾನು ತಲೆಯೆತ್ತಲಾರದೆ ನಿಂತಿದ್ದೆ. ಅವರ ಹೆಂಡತಿ ಅಲ್ಲೇ ಕೂತಿದ್ದಾರೆ, ಅವರ ಕಿವಿಗೂ ಬಿದ್ದಿದೆ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ. ಸಾರ್ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಅಂದುಕೊಂಡೆ.

"ಇಷ್ಟು ದಿನ ಎಲ್ಲಿಟ್ಟಿದ್ದೋ ಈ ಬಾಯ್ನ?" ಅಂದರು. ಆಮೇಲೆ ಅಂಪೈರ್ ಕಡೆ ತಿರುಗಿ, ಎರಡು ಕೈ ಒಂದರ ಸುತ್ತ ಒಂದು ತಿರುಗಿಸಿ, ಆಟಗಾರ ಬದಲಾವಣೆ ಅಂತ ಸನ್ನೆ ಮಾಡಿದರು. ಬದಲಾಗುವವರು ಯಾರು ಅಂತ ಅಂಪೈರ್ ಕೇಳಿದಾಗ ತಮ್ಮ ಎದೆ ಮುಟ್ಟಿಕೊಂಡರು. ಅವರ ಜಾಗಕ್ಕೆ ಒಬ್ಬ ಸ್ಮ್ಯಾಷರ್ ಬಂದ. ಸಾರ್ ಹೋಗಿ ನೀರಿನ ಕೊಡದ ಪಕ್ಕ, ನಾನು ಕೂರುತ್ತಿದ್ದ ಜಾಗದಲ್ಲೇ ಕೂತರು. ಕೂತವರು ಒಂದೇ ನಿಮಿಷಕ್ಕೆ ಎದ್ದರು. ಗೆರೆಯ ಆಚೆ ಉದ್ದಕ್ಕೂ ನಡೆಯತೊಡಗಿದರು, ನಾನು ಎತ್ತಿದ ಪ್ರತಿ ಚೆಂಡನ್ನೂ ಅಲ್ಲಿಂದಲೇ ತಾವೂ ಎತ್ತುತ್ತ.

ಆ ಸೆಟ್ಟು ಗೆದ್ದೆವು. ಕೊನೆಯದನ್ನು ಸೋತೆವು, ಕಪ್ಪು ಬರಲಿಲ್ಲ. ಮ್ಯಾನೇಜರು ಹೋಗುವಾಗ ನನ್ನ ಬೆನ್ನು ತಟ್ಟಿ, "ಬಾಯಿ ಜೋರಿದೆ ಕಣಪ್ಪಾ ನಿಂದು" ಅಂದರು. ಸಾರ್ ಹೆಂಡತಿ ಪುಳಿಯೋಗರೆಯ ಕೈತುತ್ತು ಹಾಕುತ್ತ ಬಂದವರು ನನ್ನ ಮುಂದೆ ನಿಂತಾಗ ಅವರ ಮುಖ ನೋಡದೆ ಕೈ ಚಾಚಿದೆ. ಅವರು ಎರಡು ತುತ್ತು ಜಾಸ್ತಿ ಹಾಕಿದರು.

ಹೊಸ ವರ್ಷಕ್ಕೆ ಪರ್ಮನೆಂಟಾದೆ. ಮದುವೆಯಾಯಿತು. ಸಾರ್ ಅದರ ಮೇಲೆ ಒಂದು ಮ್ಯಾಚನ್ನೂ ಆಡಲಿಲ್ಲ, ಒಂದು ಸಂಜೆಯನ್ನೂ ತಪ್ಪಿಸಲಿಲ್ಲ. ಐದಕ್ಕೆ ಸರಿಯಾಗಿ ಕೋರ್ಟಿನ ಪಕ್ಕ ಹಾಜರ್. ಕುರ್ಚಿ ತಂದು ಹಾಕಿದರೆ ಅದರ ಸುತ್ತ ಸುತ್ತುತ್ತಿದ್ದರು. ಅಲ್ಲಿಂದ ಹೇರೋಹಳ್ಳಿ ಕಡೆ ಕೊಂಡಿದ್ದ ಸೈಟಿಗೆ ಸೈಕಲ್ ತುಳಿದುಕೊಂಡು ಹೋಗಿ, ಸುಮ್ಮನೆ ಅದನ್ನೊಂದು ಸುತ್ತು ಹಾಕಿ ಬರುತ್ತಿದ್ದರು. ರಾಗಿ ಹೊಲದ ನಡುವೆ ನಾಲ್ಕು ಕಲ್ಲು, ಅದರಲ್ಲಿ ನೋಡುವುದೇನಿತ್ತೋ. ಆರು ಜನರ ಕಥೆಯನ್ನು ಹೇಳುವುದು ಮಾತ್ರ ಕಡಿಮೆ ಮಾಡಿದ್ದರು. ಹೇಳಿದರೂ ದೊಡ್ಡಯ್ಯನ ಹತ್ತಿರ ಬಂದಾಗ, "ಪಾಪ, ಅವನಿಗೆ ಬಿಡೋ ಅನ್ನೋಕೆ ಒಬ್ನೂ ಸಿಗಲಿಲ್ಲ" ಅಂತ ಒಂದು ಮಾತು ಸೇರಿಸುತ್ತಿದ್ದರು.

ಬರೆಯುತ್ತ ಬರೆಯುತ್ತ ಮೂರು ಸಲ ಎದ್ದು ಬೀದಿ ಬಾಗಿಲ ತನಕ ಹೋಗಿ ಬಂದೆ. ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ.

ಹಲವು ವರ್ಷಗಳ ಮೇಲೆ ಅವರ ಕಿಡ್ನಿ ಕೈಕೊಟ್ಟಿತು. ರಾಜಾಜಿನಗರದ ಆಸ್ಪತ್ರೆಯೊಂದರಲ್ಲಿ ಮಲಗಿಸಿದ್ದರು. ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು, ಯಾರ ಗುರುತೂ ಸಿಗುತ್ತಿರಲಿಲ್ಲ. ನಾನು ಮಧ್ಯಾಹ್ನ ರಜ ಹಾಕಿ ಹೋದಾಗ ವಾರ್ಡಿನಲ್ಲಿ ಸಣ್ಣ ಗಲಾಟೆ ನಡೆಯುತ್ತಿತ್ತು. ಸಾರ್ ಕಣ್ಣು ಮುಚ್ಚಿ ಮಲಗಿದ್ದರು, ಕೈಗಳು ಮಾತ್ರ ಮೇಲೆದ್ದು, ಬೆರಳು ಬಿಡಿಸಿಕೊಂಡು, ಒಂದೇ ಸಮನೆ ತಳ್ಳುತ್ತಿದ್ದವು. ತಳ್ಳಿದಾಗಲೆಲ್ಲ ಡ್ರಿಪ್ಪಿನ ಸೂಜಿ ಕಿತ್ತು ರಕ್ತ ಬರುತ್ತಿತ್ತು. ನರ್ಸು ಬಟ್ಟೆ ಪಟ್ಟಿ ಹಿಡಿದು ನಿಂತಿದ್ದಳು.

"ಇನ್ನು ಆಗಲ್ಲ ಆಂಟಿ. ಕೈ ಮಂಚಕ್ಕೆ ಕಟ್ಲೇಬೇಕು."

"ಬೇಡಮ್ಮಾ, ನಿನ್ನ ದಮ್ಮಯ್ಯ, ಕಟ್ಟಬೇಡ" ಅಂತ ಸಾರ್ ಹೆಂಡತಿ ಅವಳ ಕೈ ಹಿಡಿದುಕೊಂಡಿದ್ದರು. "ಜೀವಮಾನದಲ್ಲಿ ಒಂದು ದಿನ ಅವು ಸುಮ್ನಿದ್ದವಲ್ಲ. ಈಗ ಕಟ್ಟಿ ಕಳಿಸ್ಲಾ ನಾನು?"

ನನ್ನನ್ನು ನೋಡಿದರು. ಕಣ್ಣು ಒರೆಸಿಕೊಂಡರು. "ಬಾರಪ್ಪಾ. ನೀನು ಅವತ್ತು ಇವರನ್ನ ಬಿಡೋ ಅಂದ ವರ್ಷವೇ ನಮ್ಮನೆ ನಲ್ಲಿಗೆ ಕಾವೇರಿ ನೀರು ಬಂದಿದ್ದು. ಆ ದಿನ ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು, ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ರು. ನಾನು ಕೇಳಿಸ್ಕೊಂಡೆ ಅಂತ ಅವರಿಗೆ ಗೊತ್ತಿಲ್ಲ." ಆ ಕೈಗಳ ಕಡೆ ತಿರುಗಿ, "ಈಗ ನನ್ನ ಮಾತು ಕೇಳ್ತಾ ಇಲ್ಲ ಕಣಪ್ಪ. ನೀನೇ ಒಂದ್ಸಲ ಹೇಳಿ ನೋಡು" ಅಂದರು.

ಏನು ಹೇಳಬೇಕು ಅಂತ ನಾನು ಕೇಳಲಿಲ್ಲ. ಅವರಿಗೆ ಆ ಮಾತು ಅಂದದ್ದು ಅದೊಂದೇ ಸಲ, ಆಮೇಲೆ ಇಷ್ಟು ವರ್ಷ ಎಂದಿನಂತೆ ಸಾರ್, ನೀವು, ಬನ್ನಿ, ಕೂತ್ಕೊಳ್ಳಿ. ಮಂಚದ ಮೇಲೆ ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟೆ. ಮೆಲ್ಲಗೆ ಅನ್ನಲು ಹೋದೆ, ಅದು ಮೆಲ್ಲಗೆ ಬರುವ ಮಾತಲ್ಲ. ವಾರ್ಡಿನವರೆಲ್ಲ ತಿರುಗಿ ನೋಡಿದರು.

"ಬಿಡೋ ಲೇ. ನಂದು."

ಬೆರಳುಗಳು ಗಾಳಿಯಲ್ಲಿ ಹಾಗೇ ನಿಂತವು. ಚೆಂಡು ಇನ್ನೊಬ್ಬರ ಕೈಗೆ ಹೋಯಿತಾ ಅಂತ ನೋಡುವಷ್ಟು ಹೊತ್ತು. ಆಮೇಲೆ ಎರಡೂ ಕೈ ನಿಧಾನವಾಗಿ ಇಳಿದು, ಎದೆಯ ಮೇಲೆ ಒಂದರ ಪಕ್ಕ ಒಂದು ಕೂತವು.

ನರ್ಸು ಪಟ್ಟಿಯನ್ನು ಸುತ್ತಿ ಟ್ರೇಯಲ್ಲಿಟ್ಟಳು. ಆ ದಿನ ನೋಡಲು ಬಂದವರನ್ನು ಹೊರಗೆ ಕಳಿಸುವ ಗಂಟೆ ಬಾರಿಸುವ ತನಕ ನಾನೂ ಕೂತಲ್ಲಿಂದ ಏಳಲಿಲ್ಲ.